ಆ ಕೋರ್ಸಿನಲ್ಲಿ ಎಡಿಟಿಂಗ್ ಮೇಜಿಗೆ ಯಾರು ಬರುತ್ತಾರೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಬಿ.ಎ.ಯಲ್ಲಿ ಪತ್ರಿಕೋದ್ಯಮ ಒಂದು ವಿಷಯವಾಗಿತ್ತು. ಎರಡು ವರ್ಷದಿಂದ ಒಂದು ಯೂಟ್ಯೂಬ್ ಸುದ್ದಿ ಚಾನೆಲ್‌ನಲ್ಲಿ ಕೆಲಸ. ಶೂಟಿಂಗ್, ವರದಿ, ಎಡಿಟಿಂಗ್, ವಾಯ್ಸ್ ಓವರ್, ಥಂಬ್‌ನೇಲ್ ಎಲ್ಲ ನಾನೇ. ವಿಡಿಯೊ ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಓದಬೇಕೆಂಬ ಆಸೆ ಇದೆ. ‘ದಿನಾ ಮಾಡೋ ಕೆಲಸಾನೇ ರೊಕ್ಕ ಕೊಟ್ಟು ಕಲೀತಿಯೇನು?’ ಎಂದು ಆಫೀಸಿನವರು ನಗುತ್ತಾರೆ. ಅಪ್ಪ ಸಾಲ ಮಾಡಲೂ ತಯಾರಿದ್ದಾರೆ. ನನಗೆ ಭಯವಾಗುವುದೇ ಅದಕ್ಕೆ. ಓದಬೇಕೇ? ಓದಿದರೆ ಇಲ್ಲೋ, ದೆಹಲಿಯಲ್ಲೋ, ವಿದೇಶದಲ್ಲೋ? ಒಳ್ಳೆಯ ಕ್ಯಾಮೆರಾ ಇಲ್ಲದೆ ಸೇರಿದರೆ ಹಿಂದೆ ಬೀಳುತ್ತೇನೆಯೇ?

ಉತ್ತರ: ನಿಮ್ಮ ಆಫೀಸಿನವರ ನಗುವಿನಲ್ಲಿ ಅರ್ಧ ಸತ್ಯವಿದೆ. ಕ್ಯಾಮೆರಾ ಹಿಡಿಯುವುದು, ಫೋಕಸ್ ಇಡುವುದು, ಟೈಮ್‌ಲೈನ್ ಮೇಲೆ ಕತ್ತರಿಸಿ ಅಂಟಿಸುವುದು, ಇವನ್ನು ಕಲಿಯಲು ಎರಡು ವರ್ಷದ ಎಂ.ಎ. ಬೇಕಿಲ್ಲ. ಅದನ್ನೆಲ್ಲ ನೀವು ಆಗಲೇ ಮಾಡುತ್ತಿದ್ದೀರಿ. ಈಗ ನನ್ನದೊಂದು ಪ್ರಶ್ನೆ. ದಿನಕ್ಕೆ ಒಂದೆಂದು ಹಿಡಿದರೂ ಈ ಎರಡು ವರ್ಷದಲ್ಲಿ ಆರೇಳುನೂರು ವಿಡಿಯೊ ಮಾಡಿದ್ದೀರಿ. ಅವುಗಳಲ್ಲಿ ಎಷ್ಟಕ್ಕೆ ಯಾರಾದರೂ ನಿಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ‘ಈ ಶಾಟ್ ಇಲ್ಲಿ ಯಾಕಿದೆ? ಈ ಮನುಷ್ಯ ಮಾತು ಮುಗಿಸುವ ಮೊದಲೇ ಯಾಕೆ ಕಟ್ ಮಾಡಿದೆ?’ ಎಂದು ಕೇಳಿದ್ದಾರೆ? ಒಂದಕ್ಕೂ ಇಲ್ಲ ಎಂದೇ ನನ್ನ ಊಹೆ. ಒಳ್ಳೆಯ ಕೋರ್ಸಿನಲ್ಲಿ ನಾವು ದುಡ್ಡು ಕೊಡುವುದು ಈ ಪ್ರಶ್ನೆ ಕೇಳುವವರಿಗಾಗಿ. ಕೆಟ್ಟ ಕೋರ್ಸಿನಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ: ಹಸಿರು ಪರದೆ, ಎಸಿ ಸ್ಟುಡಿಯೊ, ಬ್ರೋಷರಿನಲ್ಲಿ ಆ್ಯಂಕರ್ ಮೇಜು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಈ ‘ಎಲ್ಲ ನಾನೇ’ ಎಂಬುದು ಹೇಗೆ ಬಂತೆಂದು ಗೊತ್ತಿದ್ದರೆ ಕೋರ್ಸಿನಲ್ಲಿ ಏನು ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ನಾನು ಬೀಟಾಕ್ಯಾಮ್ ಎಂಬ ಟೇಪಿನ ಕ್ಯಾಮೆರಾ ಹೊತ್ತ ಕಾಲದವನು. ಕ್ಯಾಮೆರಾದೊಳಗೆ ಹೋಗುವ ಒಂದು ಟೇಪಿಗೆ ಸುಮಾರು 30 ನಿಮಿಷ. ವರದಿಗಾರ ಒಬ್ಬ, ಕ್ಯಾಮೆರಾದವನು ಒಬ್ಬ, ಲೈಟು, ಮೈಕು ನೋಡಿಕೊಳ್ಳುವ ಸಹಾಯಕ ಒಬ್ಬ, ಸ್ಟೇಷನ್ನಿಗೆ ಮರಳಿದರೆ ಕಾದು ಕೂತ ಎಡಿಟರ್ ಒಬ್ಬ. ಜೀಪಿನಲ್ಲಿ ದಾರಿಯುದ್ದಕ್ಕೂ ಜಗಳ. ‘ಆ ಮುದುಕಿಯ ಮುಖ ಮಾತ್ರ ಸಾಕು’ ಎಂದು ವರದಿಗಾರ, ‘ಮನೆ ತೋರಿಸದೆ ಮುಖ ತೋರಿಸಿದರೆ ಯಾರಿಗೆ ಏನು ತಿಳಿಯುತ್ತದೆ’ ಎಂದು ನಾನು. ಎಡಿಟರ್ ಇಬ್ಬರಿಗೂ ಬೈಯುತ್ತಿದ್ದ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಎನ್‌ವೈ1 ಎಂಬ ಸ್ಥಳೀಯ ಸುದ್ದಿ ಚಾನೆಲ್ ಶುರುವಾದಾಗ ವರದಿಗಾರರ ಕೈಗೇ ಹಗುರ ಕ್ಯಾಮೆರಾ ಕೊಟ್ಟರು. ವಿಡಿಯೊ ಜರ್ನಲಿಸ್ಟ್ ಎಂಬ ಹೆಸರು ಚಲಾವಣೆಗೆ ಬಂದದ್ದು ಇಂಥ ಕಡೆಗಳಿಂದ. ನಮ್ಮಲ್ಲಿ 2006ರಲ್ಲಿ ಟಿವಿ9 ಬಂದ ಮೇಲೆ ದಿನವಿಡೀ ಸುದ್ದಿ ಎಂಬುದು ರೂಢಿಯಾಯಿತು. ಆಮೇಲೆ ಫೋನು ಬಂತು, ಸ್ಟ್ರಿಂಗರ್‌ಗಳ (ಊರೂರಿನ ಅರೆಕಾಲಿಕ ವರದಿಗಾರರ) ಹೆಗಲ ಮೇಲಿನ ಕ್ಯಾಮೆರಾ ಜೇಬಿಗೆ ಇಳಿಯಿತು. ನಾಲ್ವರ ಕೆಲಸ ಒಬ್ಬರ ಪಾಲಿಗೆ ಬಂತು. ಉಳಿತಾಯವಾದದ್ದು ಮೂರು ಸಂಬಳ, ಅದರ ಜತೆಗೆ ಜೀಪಿನೊಳಗಿನ ಆ ಜಗಳವೂ ಹೋಯಿತು. ಒಬ್ಬರೇ ಆದ ಮೇಲೆ ಜಗಳ ಯಾರ ಜತೆ ಆಡುವುದು?

ನನಗೇ ಆದದ್ದು ಹೇಳುತ್ತೇನೆ. 2019ರ ಆಗಸ್ಟ್ ನೆರೆಯಲ್ಲಿ ಕೃಷ್ಣಾ ತೀರದ ಒಂದು ಗಂಜಿ ಕೇಂದ್ರಕ್ಕೆ ಒಬ್ಬನೇ ಹೋಗಿದ್ದೆ. ಮನೆ ಕಳೆದುಕೊಂಡ ಹೆಂಗಸೊಬ್ಬಳು ಅಳಲಿಲ್ಲ, ಮಾತೂ ಆಡಲಿಲ್ಲ. ಸ್ಟೀಲ್ ಡಬ್ಬಿಯೊಂದರ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಾ ಕೂತಿದ್ದಳು. ನಾನು ಮೈಕ್ ಹಿಡಿದು ‘ಏನನಿಸ್ತಿದೆಯಮ್ಮಾ’ ಎಂದು ಕೇಳುತ್ತಲೇ ಹೋದೆ. ಐದನೇ ಸಲಕ್ಕೆ ಅತ್ತಳು. ಬೈಟ್, ಅಂದರೆ ಸುದ್ದಿಗೆ ಬೇಕಾದ ತುಣುಕು, ಸಿಕ್ಕಿತು, ಹೊರಟೆ. ರಾತ್ರಿ ಲಾಡ್ಜಿನಲ್ಲಿ ಫೂಟೇಜ್ ನೋಡಿದಾಗ ಗೊತ್ತಾಯಿತು, ಸುದ್ದಿ ಇದ್ದದ್ದು ಆ ಡಬ್ಬಿಯ ಮುಚ್ಚಳದಲ್ಲಿ. ಅದು ನನ್ನಲ್ಲಿದ್ದದ್ದು ಒಂದೂವರೆ ಸೆಕೆಂಡು, ಅದೂ ಅಲುಗಾಡಿದ್ದು. ಜತೆಯಲ್ಲಿ ಒಬ್ಬ ಕ್ಯಾಮೆರಾದವನಿದ್ದಿದ್ದರೆ ಅವನು ನನ್ನನ್ನು ಪಕ್ಕಕ್ಕೆ ತಳ್ಳಿ ಆ ಕೈಗಳನ್ನು ಹಿಡಿಯುತ್ತಿದ್ದ. ಒಬ್ಬರೇ ಕೆಲಸ ಮಾಡುವವರು ಆ ಇನ್ನೊಬ್ಬನನ್ನು ತಲೆಯೊಳಗೇ ಸಾಕಿಕೊಳ್ಳಬೇಕು. ಅವನು ತಾನಾಗಿ ಹುಟ್ಟುವುದಿಲ್ಲ. ನಾಲ್ಕಾರು ಜನ ನಿಮ್ಮ ರಫ್ ಕಟ್ (ಎಡಿಟಿಂಗ್‌ನ ಮೊದಲ ಕರಡು) ನೋಡಿ ಮುಖ ಸಿಂಡರಿಸಿದ ಮೇಲೆ ಹುಟ್ಟುತ್ತಾನೆ.

ನಿಮ್ಮದೇ ಜಿಲ್ಲೆಯಿಂದ ಒಂದು ಉದಾಹರಣೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ದಿಢೀರ್ ಬಿದ್ದು, ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ನಾವೆಲ್ಲ ನೋಡಿದ್ದು ಬೆಂಕಿ. ಅದನ್ನು ತೋರಿಸಲೇಬೇಕಿತ್ತು, ತಪ್ಪಿಲ್ಲ. ಆದರೆ ಆ ಬೆಂಕಿಯ ಹಿಂದೆ ಒಂದು ಬೆಳಿಗ್ಗೆ ಇದೆ. ರಾತ್ರಿಯೆಲ್ಲ ಲಾರಿಯಲ್ಲಿ ಚೀಲಗಳ ಮೇಲೆ ಮಲಗಿ ಬಂದ ರೈತ, ದಲಾಲರ ಅಂಗಡಿ ಮುಂದೆ ಸುರಿದ ಕೆಂಪು ರಾಶಿ, ಕಾಯಿ ಮುರಿದು ನೋಡಿ ಸುಮ್ಮನೆ ಮುಂದೆ ಹೋಗುವ ಖರೀದಿದಾರ, ಇ-ಟೆಂಡರ್‌ನ ದರ ಪರದೆಯ ಮೇಲೆ ಬರುವ ಗಳಿಗೆ, ಆ ಅಂಕಿ ನೋಡಿದವರ ಮುಖ. ಬೆಂಕಿ ಹತ್ತಿದ ದಿನ ಈ ದೃಶ್ಯಗಳು ಸಿಗುವುದಿಲ್ಲ. ಮೊದಲೇ ನಾಲ್ಕು ಸಲ ಆ ಮಾರುಕಟ್ಟೆಗೆ ಹೋಗಿ ಬಂದವರ ಹತ್ತಿರ ಮಾತ್ರ ಇರುತ್ತವೆ. ದಿನಕ್ಕೊಂದು ವಿಡಿಯೊ ಹಾಕಲೇಬೇಕಾದ ನಿಮಗೆ ಒಂದೇ ಜಾಗಕ್ಕೆ ನಾಲ್ಕು ಸಲ ಹೋಗಲು ಯಾರೂ ಬಿಡುವುದಿಲ್ಲ. ಸ್ನಾತಕೋತ್ತರ ಓದಿನಲ್ಲಿ ಸಿಗುವ ಎರಡನೇ ದೊಡ್ಡ ವಸ್ತು ಈ ಬಿಡುವು: ಒಂದೇ ವಿಷಯದ ಜತೆ ಮೂರು ತಿಂಗಳು ಇರುವ ಅನುಮತಿ.

ಹಾಗಾಗಿ ಓದಿ ಎಂದೇ ಹೇಳುತ್ತೇನೆ. ಎಲ್ಲಿ ಎಂಬುದಕ್ಕೆ ಬರುವ ಮೊದಲು, ಯಾವ ಕಾಲೇಜಿಗೆ ಹೋದರೂ ಪ್ರಾಂಶುಪಾಲರನ್ನು ಬಿಟ್ಟು ಹಿರಿಯ ವಿದ್ಯಾರ್ಥಿಗಳನ್ನು ಹಿಡಿಯಿರಿ, ಕ್ಯಾಂಟೀನಿನಲ್ಲಿ ಚಹಾ ಕುಡಿಸಿ ಕೇಳಿ. ಎರಡು ವರ್ಷದಲ್ಲಿ ನೀನೇ ಸ್ವಂತ ಎಷ್ಟು ಚಿತ್ರ ಮುಗಿಸಿದೆ? ಗುಂಪಿನ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಂಟು ಜನರ ಗುಂಪಿನಲ್ಲಿ ಆರು ಜನ ಬಿರಿಯಾನಿ ತರಲು ಹೋಗಿರುತ್ತಾರೆ. ರಫ್ ಕಟ್ ನೋಡಲು ಮೇಷ್ಟ್ರು ಎಡಿಟಿಂಗ್ ಮೇಜಿಗೆ ಬರುತ್ತಾರೋ, ಪೆನ್‌ಡ್ರೈವ್ ತೆಗೆದುಕೊಂಡು ಅಂಕ ಹಾಕಿ ಕೊಡುತ್ತಾರೋ? ಕ್ಯಾಮೆರಾ ಶನಿವಾರ ಸಂಜೆ ಹೊರಗೆ ಕೊಡುತ್ತಾರೋ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೋ? ಧ್ವನಿಯನ್ನು ಪ್ರತ್ಯೇಕವಾಗಿ ಹೇಳಿಕೊಡುವವರು ಇದ್ದಾರೆಯೇ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚು ಕಡೆ ಬರುತ್ತದೆ, ಬೇಸರಪಡಬೇಡಿ. ಮೊದಲ ಎರಡಕ್ಕೆ ಉತ್ತರ ಚೆನ್ನಾಗಿದ್ದರೆ ಸೇರಬಹುದು.

ಈಗ ಜಾಗಗಳು. ಕರ್ನಾಟಕದಲ್ಲಿ ಪತ್ರಿಕೋದ್ಯಮದ ಪಾಠಕ್ಕೆ ಹಳೆಯ ಬೇರಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ತರಗತಿ ಶುರು ಮಾಡಿದ್ದರು. ಇಂದು ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲೆಲ್ಲ ಎಂ.ಎ. ಇದೆ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲೂ ಇದೆ. ಶುಲ್ಕ ಕಡಿಮೆ, ಕನ್ನಡದಲ್ಲಿ ಬರೆಯಬಹುದು, ನಿಮಗೆ ಧಾರವಾಡವಂತೂ ಬಸ್ಸಿನ ದೂರ. ಕೊರತೆಯನ್ನೂ ಹೇಳಿಬಿಡುತ್ತೇನೆ: ಇವು ಮುಖ್ಯವಾಗಿ ಸಂವಹನ ಸಿದ್ಧಾಂತ, ಸಂಶೋಧನೆ, ಮಾಧ್ಯಮ ಇತಿಹಾಸದ ಕೋರ್ಸುಗಳು. ವಿಡಿಯೊ ಒಂದೆರಡು ಪರೀಕ್ಷಾ ವಿಷಯವಾಗಿ ಬರುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ಕಾರ್ಯಕ್ರಮ ತಯಾರಿಸುವ ಇಎಂಎಂಆರ್‌ಸಿ ಎಂಬ ಪ್ರತ್ಯೇಕ ಕೇಂದ್ರವೇ ಇದೆ. ಅಂಥ ಕಡೆ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿ. ಬೆಂಗಳೂರು, ಮಣಿಪಾಲದ ಖಾಸಗಿ ಸಂಸ್ಥೆಗಳಲ್ಲಿ ಸಲಕರಣೆ ಹೆಚ್ಚು, ಶುಲ್ಕ ಲಕ್ಷಗಳಲ್ಲಿ.

(ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿ, ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿಯಂಥ ಛಾಯಾಗ್ರಾಹಕರನ್ನು ಕೊಟ್ಟ ಪರಂಪರೆ ಅದು. ಆದರೆ ಅಲ್ಲಿರುವುದು ಡಿಪ್ಲೊಮಾ, ಸ್ನಾತಕೋತ್ತರವಲ್ಲ. ಕಲಿಸುವುದು ಸಿನಿಮಾ, ಸುದ್ದಿಯಲ್ಲ.)

ದೆಹಲಿಯಲ್ಲಿ ನಾನು ಮೊದಲು ಹೆಸರಿಸುವುದು ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದ ಎ.ಜೆ.ಕೆ. ಎಂಸಿಆರ್‌ಸಿ ಎಂಬ ಸಮೂಹ ಸಂವಹನ ಕೇಂದ್ರವನ್ನು. 1982ರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ನೆರವಿನಿಂದ ಶುರುವಾದದ್ದು. ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಶುಲ್ಕ ಖಾಸಗಿಯವರಷ್ಟು ಇಲ್ಲ, ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಬಿಗಿ. ಅಲ್ಲಿಂದ ಹೊರಬಂದವರನ್ನು ನೋಡಿ. ರಾಯಿಟರ್ಸ್‌ನ ಡ್ಯಾನಿಶ್ ಸಿದ್ದಿಕಿ ಅಲ್ಲಿ ಓದಿ, ಟಿವಿ ವರದಿಗಾರರಾಗಿದ್ದು, ಆಮೇಲೆ ಸ್ಟಿಲ್ ಕ್ಯಾಮೆರಾ ಹಿಡಿದವರು. ಪುಲಿಟ್ಜರ್ ಪಡೆದ ತಂಡದಲ್ಲಿದ್ದರು. 2021ರಲ್ಲಿ ಅಫ್ಗಾನಿಸ್ತಾನದಲ್ಲಿ ಕೆಲಸ ಮಾಡುತ್ತಲೇ ಕೊಲೆಯಾದರು. ರಿಂಟು ಥಾಮಸ್, ಸುಷ್ಮಿತ್ ಘೋಷ್ ಕೂಡ ಅಲ್ಲಿಯವರೇ. ಅವರಿಬ್ಬರ ‘ರೈಟಿಂಗ್ ವಿತ್ ಫೈರ್’ ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಆ ಚಿತ್ರ ಯಾರ ಬಗ್ಗೆ ಎಂಬುದು ನಿಮಗೆ ಮುಖ್ಯ: ‘ಖಬರ್ ಲಹರಿಯಾ’ದ ಮಹಿಳಾ ವರದಿಗಾರರ ಬಗ್ಗೆ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಗ್ರಾಮೀಣ ಹೆಂಗಸರ ಪತ್ರಿಕೆಯಾಗಿ ಹುಟ್ಟಿ, ಮುಂದೆ ಫೋನಿನ ವಿಡಿಯೊಗೆ ಹೊರಳಿದ ಸಂಸ್ಥೆ ಅದು. ಅಲ್ಲಿನ ಹೆಚ್ಚಿನವರು ಪತ್ರಿಕೋದ್ಯಮದ ಎಂ.ಎ. ಮಾಡಿದವರಲ್ಲ. ಆದರೆ ಒಬ್ಬರ ಫೂಟೇಜನ್ನು ಇನ್ನೊಬ್ಬರು ಕೂತು ನೋಡಿ ತಿದ್ದುತ್ತಿದ್ದರು. ಊರಲ್ಲೇ ಅಂಥ ನಾಲ್ಕು ಜನರ ಗುಂಪು ನಿಮಗೆ ಸಿಕ್ಕಿದ್ದರೆ ಈ ಉತ್ತರವನ್ನು ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್), 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಪಿಜಿ ಡಿಪ್ಲೊಮಾಕ್ಕೆ ಹೆಸರುವಾಸಿ. ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ 1994ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, 2000ದಲ್ಲಿ ಚೆನ್ನೈಗೆ ಹೋಯಿತು. ಅಲ್ಲಿಯದು ಒಂದೇ ವರ್ಷದ ಡಿಪ್ಲೊಮಾ, ಬೆವರಿಳಿಸುತ್ತಾರೆ. ಡಿಪ್ಲೊಮಾ ವಿಷಯದಲ್ಲಿ ಒಂದು ಎಚ್ಚರಿಕೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ, ಪಿಎಚ್.ಡಿ. ಮಾಡುವ ಯೋಚನೆ ಎಲ್ಲೋ ಮೂಲೆಯಲ್ಲಿದ್ದರೂ ನಿಮಗೆ ಸ್ನಾತಕೋತ್ತರ ಪದವಿಯೇ ಬೇಕು. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಬರೆಯಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ (ಮೀಸಲಾತಿಯವರಿಗೆ ಶೇ 50) ಕೇಳುತ್ತಾರೆ. ಸ್ನಾತಕೋತ್ತರಕ್ಕೆ ಸಮಾನ ಎಂಬ ಮಾನ್ಯತೆಯಿಲ್ಲದ ಡಿಪ್ಲೊಮಾ ಅಲ್ಲಿ ನಡೆಯುವುದಿಲ್ಲ. ನನ್ನ ಜತೆ ಕೆಲಸ ಮಾಡಿದ ಬುದ್ಧಿವಂತ ಹುಡುಗಿಯೊಬ್ಬಳು ಈ ಕಾರಣಕ್ಕೇ ಮೂವತ್ತೆರಡನೇ ವಯಸ್ಸಿನಲ್ಲಿ ಅಂಚೆ ಶಿಕ್ಷಣದ ಎಂ.ಎ.ಗೆ ಸೇರಿದಳು. ಸುದ್ದಿಮನೆಯಲ್ಲೇ ಇರುವವರಿಗೆ ಡಿಪ್ಲೊಮಾ ಸಾಕು, ಸಮಯವೂ ಉಳಿಯುತ್ತದೆ.

ವಿದೇಶಕ್ಕೆ ಅಪ್ಪನ ಸಾಲದಲ್ಲಿ ಹೋಗಬೇಡಿ. ಇಷ್ಟು ಖಡಾಖಂಡಿತವಾಗಿ ಹೇಳಲು ನನಗೆ ಅಧಿಕಾರವಿಲ್ಲ, ಆದರೂ ಹೇಳುತ್ತೇನೆ. ನ್ಯೂಯಾರ್ಕ್‌ನ ಕೊಲಂಬಿಯಾ ಜರ್ನಲಿಸಂ ಸ್ಕೂಲ್‌ನಲ್ಲಿ ಒಂದು ಶೈಕ್ಷಣಿಕ ವರ್ಷದ ಓದಿಗೆ ಶುಲ್ಕ, ಊಟ, ವಸತಿ ಎಲ್ಲ ಸೇರಿ 1 ಲಕ್ಷ ಡಾಲರ್ ದಾಟುತ್ತದೆ. ರೂಪಾಯಿಗೆ ತಿರುಗಿಸಿ ನೋಡಿ. ಕನ್ನಡದ ಸುದ್ದಿಮನೆಯ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ. ಅಲ್ಲೇ ಉಳಿದು ತೀರಿಸೋಣವೆಂದರೆ ವೀಸಾ ನಿಯಮ ನಿಮ್ಮ ಕೈಯಲ್ಲಿಲ್ಲ. ಹಾಗೆಂದು ಅಲ್ಲಿಯ ಪಾಠ ಸುಮ್ಮನೆ ಅಲ್ಲ. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1908ರದ್ದು. ಅವರಿಗೆ 1953ರಿಂದ ಕೋಮು ಎಂಬ ಟಿವಿ ಸ್ಟೇಷನ್ನೇ ಇದೆ (ಕೆ-ಒ-ಎಂ-ಯು, ನಮ್ಮ ಕೋಮು ಅಲ್ಲ!). ಎನ್‌ಬಿಸಿ ಜಾಲದ ನಿಜವಾದ ಸ್ಟೇಷನ್ ಅದು, ವಿದ್ಯಾರ್ಥಿಗಳು ಅದರ ಸುದ್ದಿಮನೆಯಲ್ಲಿ ಕೆಲಸ ಮಾಡುತ್ತಾರೆ. ತಪ್ಪು ಮಾಡಿದರೆ ಊರೇ ನೋಡುತ್ತದೆ. ನಮ್ಮ ಒಂದಾದರೂ ವಿಶ್ವವಿದ್ಯಾಲಯ ಇಂಥದ್ದೊಂದನ್ನು ಮಾಡಿದರೆ ನಾನು ಸಂಬಳವಿಲ್ಲದೆ ಕ್ಯಾಮೆರಾ ಒರೆಸಲು ಬರುತ್ತೇನೆ.

ವಿದೇಶಕ್ಕೆ ಹೋಗುವುದಾದರೆ ವಿದ್ಯಾರ್ಥಿವೇತನದಲ್ಲಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚು ನೋಡಿಕೊಳ್ಳುತ್ತದೆ. ಪತ್ರಿಕೋದ್ಯಮಕ್ಕೆ ಕಾರ್ಡಿಫ್‌ನಂಥ ಹಳೆಯ ಶಾಲೆಗಳಿವೆ. ಅರ್ಜಿ ಹಾಕಲು ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ನಿಮ್ಮ ಹತ್ತಿರ ಅದು ಆಗಲೇ ಇದೆ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ಷರತ್ತೂ ಇದೆ, ನಿಮ್ಮಂಥವರಿಗೆ ಅದು ತೊಂದರೆಯೇ ಅಲ್ಲ. ಈಗಲೇ ಮಾಡಬೇಕಾದ ಕೆಲಸ: ಚಾನೆಲ್‌ನವರಿಂದ ಕೆಲಸದ ಪತ್ರ ಬರೆಸಿಟ್ಟುಕೊಳ್ಳಿ. ನಗುತ್ತಲೇ ಬರೆದುಕೊಡಲಿ.

ಕ್ಯಾಮೆರಾ. ಕೊಳ್ಳಬೇಡಿ. ಸೇರಿದ ಮೇಲೆ ಆರು ತಿಂಗಳು ಸಂಸ್ಥೆಯ ಕ್ಯಾಮೆರಾ ಬಳಸಿ, ಆಮೇಲೆ ನಿಮಗೇ ಗೊತ್ತಾಗುತ್ತದೆ ಏನು ಬೇಕೆಂದು. ಈಗ ಕೈಯಲ್ಲಿರುವ ದುಡ್ಡಿಗೆ ಬಟ್ಟೆಗೆ ಸಿಕ್ಕಿಸುವ ಒಂದು ವೈರ್‌ಲೆಸ್ ಲೇಪಲ್ ಮೈಕ್, ಒಂದು ಹೆಡ್‌ಫೋನ್, ಗಾಳಿಗೆ ಅಲುಗದ ಒಂದು ಟ್ರೈಪಾಡ್. ದೃಶ್ಯ ಸ್ವಲ್ಪ ಮಂಜಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಹತ್ತು ಸೆಕೆಂಡಿಗೆ ಮುಂದೆ ಸರಿಸುತ್ತಾರೆ. ಕ್ಯಾಮೆರಾದಲ್ಲಿ ಮಾತಿನ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ಮೈಕು ಕಟ್ಟಿದ ಮೇಲೆ ಹೆಡ್‌ಫೋನ್ ಹಾಕಿಯೇ ಕೇಳಿ.

ಇನ್ನೊಂದು ಸಣ್ಣ ಸಂಗತಿ, ಇದನ್ನು ಎಷ್ಟೋ ಜನ ಎಂ.ಎ. ಮುಗಿಸಿದವರಿಗೂ ಹೇಳಿಕೊಟ್ಟಿರುವುದಿಲ್ಲ. ನಿಮ್ಮ ವಿಡಿಯೊಗಳಲ್ಲಿ ಟ್ಯೂಬ್‌ಲೈಟ್ ಇರುವ ಕಚೇರಿಯಲ್ಲಿ ಗೋಡೆಯ ಮೇಲೆ ಪಟ್ಟೆ ಓಡಿದಂತೆ ಕಾಣುತ್ತದೆಯೇ? ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನುಗಳು ಬರುವಾಗಲೇ ಸಾಮಾನ್ಯವಾಗಿ ಅಮೆರಿಕದ ಲೆಕ್ಕದಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಹೊಂದಿಸಿರುತ್ತವೆ. ಅದನ್ನು 25 ಫ್ರೇಮ್‌ಗೆ, ಶಟರ್ ವೇಗವನ್ನು 1/50ಕ್ಕೆ ಇಳಿಸಿ, ಪಟ್ಟೆ ಹೋಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಎರಡನ್ನೂ ಅದರಲ್ಲಿ ಹೊಂದಿಸಬಹುದು. ಹಾಗೆಯೇ ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರೆದರೆ ಒತ್ತಕ್ಷರ ಒಡೆದು ‘ಸರ್ಕಾರ’ ಏನೇನೋ ಆಗುತ್ತದಲ್ಲ, ಗ್ರಾಫಿಕ್ಸ್ ಪ್ರಿಫರೆನ್ಸಸ್‌ನಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಆರಿಸಿ ಯೂನಿಕೋಡ್ ಅಕ್ಷರ ಬಳಸಿ. ನುಡಿಯ ಹಳೆಯ ಫಾಂಟಿನಲ್ಲಿ ಒದ್ದಾಡುವುದು ತಪ್ಪುತ್ತದೆ.

ಕಾನೂನಿನ ಪಾಠ ಇಲ್ಲದ ವಿಡಿಯೊ ಕೋರ್ಸಿಗೆ ಮಾತ್ರ ಸೇರಲೇಬೇಡಿ. ಬರೆಯುವವರಿಗಿಂತ ನಮಗೆ ಇದು ಹೆಚ್ಚು ಬೇಕು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳಾಗಿದ್ದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದೆ. ಹೆಸರು ಬದಲಿಸಿ, ಮುಖ ಮಸುಕು ಮಾಡಿದರೆ ಸಾಕೆಂದುಕೊಳ್ಳುತ್ತಾರೆ. ಆ ಮಗುವಿನ ಮನೆಯ ಬಾಗಿಲಿನ ಬಣ್ಣ, ಶಾಲೆಯ ಯೂನಿಫಾರ್ಮ್, ಓಣಿಯ ತಿರುವಿನ ಗುಡಿ, ಅಳುವ ಅಜ್ಜಿಯ ದನಿ, ಇಷ್ಟರಲ್ಲಿ ಒಂದು ಕಂಡರೂ ಊರಿನವರಿಗೆ ಯಾರ ಮನೆಯೆಂದು ತಿಳಿದುಹೋಗುತ್ತದೆ. ಹಳ್ಳಿಯಲ್ಲಿ ಬೆಳೆದ ನಿಮಗೆ ಇದು ದೆಹಲಿಯ ಯಾವ ಪ್ರೊಫೆಸರರಿಗಿಂತ ಚೆನ್ನಾಗಿ ಗೊತ್ತು. ಆದರೆ ಡೆಸ್ಕಿನಿಂದ ‘ಮನೆ ವಿಷುಯಲ್ಸ್ ಕಳಿಸಿ’ ಎಂದು ಫೋನ್ ಬಂದಾಗ ಆಗಲ್ಲ ಎನ್ನಲು ಸೆಕ್ಷನ್ ಸಂಖ್ಯೆ ಬಾಯಿಗೆ ಬರಬೇಕು. ಮೂಲ ಫೈಲುಗಳನ್ನು ಅಳಿಸಬೇಡಿ, ಎರಡು ಡಿಸ್ಕಿನಲ್ಲಿ ಇಡಿ. ನಾಳೆ ಯಾರಾದರೂ ನಿಮ್ಮ ವಿಡಿಯೊ ತಿರುಚಿದ್ದು ಎಂದರೆ ತೋರಿಸಲು ಅದೊಂದೇ ಇರುತ್ತದೆ.

ನೀವಾಗಿ ಕೇಳದಿದ್ದರೂ ನಿಮ್ಮಂಥವರನ್ನು ಕಾಡುವ ಇನ್ನೊಂದು ಅನುಮಾನ ಇಂಗ್ಲಿಷ್. ಹೊರಗೆ ಹೋದರೆ ಓದಲು, ಬರೆಯಲು ಬೇಕೇ ಬೇಕು, ಇಂದೇ ಶುರು ಮಾಡಿ. ಆದರೆ ಚಿತ್ರವನ್ನು ಕನ್ನಡದಲ್ಲೇ ಮಾಡಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ನಿಮ್ಮ ಜಿಲ್ಲೆಯ ರೈತ ನಿಮ್ಮ ಮುಂದೆ ಆಡುವ ಮಾತು ದೆಹಲಿಯಿಂದ ಬಂದವರ ಮುಂದೆ ಆಡುವುದಿಲ್ಲ. 2014ರಲ್ಲಿ ಪಿ. ಸಾಯಿನಾಥ್ ಶುರು ಮಾಡಿದ ‘ಪರಿ’ ಜಾಲತಾಣ ಹಳ್ಳಿಯ ಬದುಕಿನ ಚಿತ್ರ, ಬರಹಗಳನ್ನು ಕನ್ನಡದಲ್ಲೂ ಪ್ರಕಟಿಸುತ್ತದೆ. ವಿದ್ಯಾರ್ಥಿಗಳ ಕೆಲಸಕ್ಕೂ ಅಲ್ಲಿ ಜಾಗವಿದೆ, ನೋಡಿ.

ಇನ್ನು ಸಾಲ. ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಮೊದಲು ಜಾಮಿಯಾ ಪರೀಕ್ಷೆ ಬರೆಯಿರಿ, ಸಿಕ್ಕರೆ ಹೋಗಿ. ಸಿಗದಿದ್ದರೆ ಧಾರವಾಡ ಅಥವಾ ಮೈಸೂರಿಗೆ ಸೇರಿ, ಅಪ್ಪ ಸಾಲ ಮಾಡಬೇಕೆಂದಿದ್ದ ದುಡ್ಡಿನ ಕಾಲುಭಾಗದಲ್ಲಿ ಮೈಕು, ಡಿಸ್ಕು, ಬಸ್ ಚಾರ್ಜು ನೋಡಿಕೊಳ್ಳಿ. ಕೊರತೆಯನ್ನು ರಜೆಯಲ್ಲಿ ಯಾವುದಾದರೂ ಸಾಕ್ಷ್ಯಚಿತ್ರದವರ ಹತ್ತಿರ ಸಹಾಯಕಿಯಾಗಿ ತುಂಬಿಕೊಳ್ಳಿ. ಲಕ್ಷಗಟ್ಟಲೆ ಶುಲ್ಕದ ಖಾಸಗಿ ಕೋರ್ಸು ಕೊನೆಗೆ, ಅದೂ ಎಡಿಟಿಂಗ್ ಮೇಜಿಗೆ ಯಾರು ಬರುತ್ತಾರೆಂದು ಕಣ್ಣಾರೆ ಕಂಡ ಮೇಲೆ.

ಅರ್ಜಿಯ ಜತೆ ಕೆಲಸದ ಮಾದರಿ ಕೇಳಿದರೆ ಆರುನೂರರಲ್ಲಿ ಹೆಚ್ಚು ವ್ಯೂಸ್ ಬಂದದ್ದನ್ನು ಆರಿಸಿ ಕಳಿಸಬೇಡಿ. ಹೊಸದಾಗಿ ನಾಲ್ಕು ನಿಮಿಷದ್ದೊಂದು ಮಾಡಿ. ವಾಯ್ಸ್ ಓವರ್ ಬೇಡ, ಹಿನ್ನೆಲೆ ಸಂಗೀತ ಬೇಡ, ನೀವು ತೆರೆಯ ಮೇಲೆ ಕಾಣುವುದೂ ಬೇಡ. ಒಬ್ಬರೇ ವ್ಯಕ್ತಿ, ಒಂದೇ ಕೆಲಸ. ಪ್ರತಿ ಶಾಟ್ ಹತ್ತು ಸೆಕೆಂಡ್ ಅಲುಗದೆ ಹಿಡಿಯಿರಿ: ಕೈ, ಮುಖ, ಕೈ ಮತ್ತು ಮುಖ ಎರಡೂ, ಹೆಗಲ ಹಿಂದಿನಿಂದ ಅವರಿಗೆ ಕಾಣುವ ನೋಟ, ಆಮೇಲೆ ದೂರದಿಂದ ಇಡೀ ಜಾಗ. ಬ್ಯಾಡಗಿಯಲ್ಲಿ ರಾಶಿಯ ಮುಂದೆ ಕೂತು ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿದ್ದಾರಲ್ಲ, ಅವರಲ್ಲಿ ಒಬ್ಬರನ್ನು ಕೇಳಿ ನೋಡಿ. ಮಾರುಕಟ್ಟೆ ಜೋರಾಗಿರುವುದು ಸೋಮವಾರ, ಗುರುವಾರ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಅವರ ಪಕ್ಕ ಕೂತು ಒಂದಷ್ಟು ತೊಟ್ಟು ಬಿಡಿಸಿ. ಎರಡನೇ ದಿನ ಹೆಚ್ಚುವರಿ ಬ್ಯಾಟರಿ ಒಯ್ಯಿರಿ, ಮೂಗಿಗೆ ಕಟ್ಟಿಕೊಳ್ಳಲು ದಪ್ಪನೆಯ ಬಟ್ಟೆಯನ್ನೂ. ನೀವು ಸೀನಿದ ಸದ್ದು ಅವರ ಮಾತಿನ ಮೇಲೆ ಬಿದ್ದರೆ ಯಾವ ಸಾಫ್ಟ್‌ವೇರೂ ತೆಗೆದುಕೊಡುವುದಿಲ್ಲ.